ಗೆಳೆಯರು ಕಾಲೆಳೆದದ್ದರಲ್ಲಿ ನಿಜವೆಷ್ಟು? ಮನೆಯಲ್ಲಿ ಕವರ್ ಹಾಡು ರೆಕಾರ್ಡ್ ಮಾಡುವವರಿಗೆ

ಪ್ರಶ್ನೆ: ನಾನು ಸಕಲೇಶಪುರದ ಹತ್ತಿರದವನು. ಹಾಡುವುದು ಹವ್ಯಾಸ, ಕ್ರಮವಾಗಿ ಕಲಿತದ್ದು ಅಷ್ಟಕ್ಕಷ್ಟೇ. ಹಾಸನ, ಬೇಲೂರು, ಚಿಕ್ಕಮಗಳೂರು ಕಡೆಯ ಆರ್ಕೆಸ್ಟ್ರಾಗಳಲ್ಲಿ ನುಡಿಸುವ ಗೆಳೆಯರ ವಾಟ್ಸ್ಯಾಪ್ ಗುಂಪಿಗೆ ಒಂದು ಹಳೆಯ ಚಿತ್ರಗೀತೆಯ ಕವರ್ (ನಾನೇ ಮತ್ತೆ ಹಾಡಿದ್ದು) ಹಾಕಿದೆ. ಫೋನಿನಲ್ಲೇ ರೆಕಾರ್ಡ್ ಮಾಡಿದ್ದು. ಕಿವಿಗೆ ಬ್ಲೂಟೂತ್ ಇಯರ್‌ಬಡ್, ಹಿನ್ನೆಲೆಗೆ ಇಂಟರ್ನೆಟ್‌ನಿಂದ ಇಳಿಸಿಕೊಂಡ ಕರೋಕೆ ಟ್ರ್ಯಾಕ್ (ಹಾಡುವ ದನಿ ಇಲ್ಲದ ಬರೀ ವಾದ್ಯ), ಆ್ಯಪ್‌ನಲ್ಲಿ ಶ್ರುತಿ ತಿದ್ದುವ ಪಿಚ್ ಕರೆಕ್ಷನ್ ಆನ್. ಗೆಳೆಯರು ಬಿಡಲಿಲ್ಲ. ಕೀಬೋರ್ಡ್‌ನವರು, "ಟ್ರ್ಯಾಕ್ ಹಾಸನ ಮುಟ್ಟಿ ಕಾಫಿ ಕುಡೀತಿದೆ, ನೀನಿನ್ನೂ ಆಲೂರಲ್ಲಿದ್ದೀಯ" ಅಂದರು. ಕೊಳಲಿನವರು, "ಚರಣಕ್ಕೆ ಮುಂಚೆ ರುದ್ರಪಟ್ಟಣದ ತಂಬೂರಿ ಗುಡಿಗೆ ಹೋಗಿ ಕೈಮುಗಿದು ಬರಬೇಕಿತ್ತು" ಅಂದರು. ತಬಲಾದವರು, "ಬಾವಿಗೆ ಬಿದ್ದವನನ್ನ ಮೊದಲು ಮೇಲಕ್ಕೆತ್ತಿ, ಆಮೇಲೆ ಹಾಡಿಸೋಣ" ಅಂತ ಬರೆದರು. ಗಿಟಾರ್‌ನವನ ಪ್ರಕಾರ "ರೋಬೋಗೆ ಶೀತ ಆಗಿದೆ". ಕೊನೆಗೊಬ್ಬ, "ಮಳೆರಾಯನಿಗೂ ಕ್ರೆಡಿಟ್ ಕೊಡಪ್ಪ". ಬೇಜಾರಿಲ್ಲ, ನಾನೂ ನಕ್ಕೆ. ಆದರೆ ಇದರಲ್ಲಿ ತಮಾಷೆ ಎಷ್ಟು, ತಪ್ಪು ಎಷ್ಟು? ಎಂಟು ಸಾವಿರದೊಳಗೆ ಒಂದು ಮೈಕ್ ಕೊಂಡರೆ ಸರಿಹೋಗುತ್ತದೆಯೇ? ಯೂಟ್ಯೂಬ್‌ಗೆ ಹಾಕಬಹುದೇ?

ಉತ್ತರ: ನಿಮ್ಮ ಗೆಳೆಯರು ಕಾಲೆಳೆದಿದ್ದಾರೆ ನಿಜ, ಬಾಯಿಗೆ ಬಂದದ್ದು ಹೇಳಿಲ್ಲ. ಐದು ಮಾತಿನಲ್ಲಿ ಐದು ಬೇರೆ ಬೇರೆ ದೋಷ ಹಿಡಿದಿದ್ದಾರೆ. ಅದರಲ್ಲಿ ನಾಲ್ಕು ನಿಮ್ಮ ಗಂಟಲಿನದ್ದೇ ಅಲ್ಲ: ಒಂದು ಇಯರ್‌ಬಡ್‌ನದ್ದು, ಒಂದು ಕೋಣೆಯದ್ದು, ಒಂದು ಆ್ಯಪ್‌ನದ್ದು, ಒಂದು ಆಷಾಢದ್ದು. ಐದನೆಯದರಲ್ಲೂ ಅರ್ಧ ಪಾಲು ಶ್ರುತಿ ಆಯ್ಕೆಯದ್ದೇ ಇರಬೇಕು. ಮೈಕ್ ವಿಚಾರ ಸದ್ಯಕ್ಕೆ ಪಕ್ಕಕ್ಕಿಡಿ. ಈ ಐದರಲ್ಲಿ ಒಂದನ್ನೂ ಮೈಕ್ ಪೂರ್ತಿ ಸರಿಮಾಡುವುದಿಲ್ಲ, ಎರಡನ್ನು ಇನ್ನೂ ಕೆಡಿಸಬಹುದು.

ಮೊದಲು ಆಲೂರಿನ ಮಾತು, ಅಂದರೆ ನಿಮ್ಮ ದನಿ ಟ್ರ್ಯಾಕ್‌ಗಿಂತ ಹಿಂದೆ ಬಿದ್ದದ್ದು. ಅನುಮಾನ ಬ್ಲೂಟೂತ್ ಮೇಲೆ. ಫೋನಿನಿಂದ ಹೊರಟ ಟ್ರ್ಯಾಕ್ ಸಾಮಾನ್ಯ ಬ್ಲೂಟೂತ್ ಇಯರ್‌ಬಡ್‌ನಲ್ಲಿ ಕೇಳಿಸುವಷ್ಟರಲ್ಲಿ 150ರಿಂದ 250 ಮಿಲಿಸೆಕೆಂಡ್ ಕಳೆದಿರುತ್ತದೆ. ನೀವು ಕಿವಿಗೆ ಬಿದ್ದದ್ದಕ್ಕೆ ಸರಿಯಾಗಿಯೇ ಹಾಡುತ್ತೀರಿ. ಆದರೆ ಫೋನಿನ ಲೆಕ್ಕದಲ್ಲಿ ಟ್ರ್ಯಾಕ್ ಆಗಲೇ ಮುಂದೆ ಹೋಗಿರುತ್ತದೆ, ನಿಮ್ಮ ದನಿ ಅಷ್ಟು ಹಿಂದೆ ಬಂದು ಕೂರುತ್ತದೆ. ಸಿನಿಮಾ ನೋಡುವಾಗ ಇದು ಗೊತ್ತಾಗದಿರಲು ಕಾರಣ, ಫೋನ್ ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸುತ್ತದೆ. ಹಾಡುವವರಿಗೆ ಆ ಅನುಕೂಲ ಇಲ್ಲ.

ಈ ತಡ ಎಷ್ಟು ದೊಡ್ಡದು ಅನ್ನುವುದನ್ನು ತಾಳದಲ್ಲೇ ಅಳೆದು ನೋಡಿ. ನಿಮಿಷಕ್ಕೆ 90 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ ಅಂದರೆ 667 ಮಿಲಿಸೆಕೆಂಡ್. ಚತುರಶ್ರ ನಡೆಯಲ್ಲಿ, ಅಂದರೆ ಒಂದು ಬೀಟ್ ನಾಲ್ಕು ಪಾಲಾಗುವಾಗ, ಅದರ ಕಾಲು ಭಾಗ 167. ಅಂದರೆ ತ-ಕ-ಧಿ-ಮಿಯಲ್ಲಿ "ತ" ಬೀಳುವಲ್ಲಿ ಶುರುವಾಗಬೇಕಾದ ಸಾಹಿತ್ಯ "ಕ" ಬಂದ ಮೇಲೆ ಶುರುವಾಗುತ್ತದೆ. ವಾದ್ಯದವರಿಗೆ 30–40 ಮಿಲಿಸೆಕೆಂಡ್ ಹಿಂದೆ ಬಿದ್ದರೇ ಕಿವಿ ನಿಮಿರುತ್ತದೆ, 200 ಅಂದರೆ ಕೇಳಬೇಕೇ. (ವೇದಿಕೆಯಲ್ಲೂ ಈ ತಡ ಇದ್ದೇ ಇರುತ್ತದೆ. ಶಬ್ದ ಒಂದು ಮಿಲಿಸೆಕೆಂಡ್‌ಗೆ ಸುಮಾರು 34 ಸೆಂಟಿಮೀಟರ್ ಓಡುವುದರಿಂದ, ಜಾತ್ರೆಯ ಮೈದಾನದಲ್ಲಿ ಡ್ರಮ್ಸ್‌ನಿಂದ 20 ಮೀಟರ್ ದೂರ ನಿಂತವನಿಗೆ ಪೆಟ್ಟು 58 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಆರ್ಕೆಸ್ಟ್ರಾದವರು ತಮ್ಮ ಕಡೆ ಮುಖಮಾಡಿದ ಮಾನಿಟರ್ ಸ್ಪೀಕರ್‌ಗೆ ಜಗಳ ಆಡುವುದು ಸುಮ್ಮನೆ ಅಲ್ಲ.)

ತಪ್ಪು ಇಯರ್‌ಬಡ್‌ನದ್ದೋ ನಿಮ್ಮ ಲಯದ್ದೋ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ದನಿಯ ಫೈಲು ಮತ್ತು ಟ್ರ್ಯಾಕ್ ಬೇರೆ ಬೇರೆ ಉಳಿದಿದ್ದರೆ ಎರಡನ್ನೂ ಎಡಿಟರ್‌ನಲ್ಲಿ ತೆರೆದು, ಪಲ್ಲವಿಯ ಮೊದಲ ಪದ ಸರಿಯಾಗಿ ಕೂರುವವರೆಗೆ ದನಿಯನ್ನು ಎಡಕ್ಕೆ ಎಳೆಯಿರಿ. ಈಗ ಎರಡನೇ ಚರಣದ ಕೊನೆಯ ಸಾಲು ಕೇಳಿ. ಅಲ್ಲೂ ಸರಿಯಾಗಿ ಕೂತಿದ್ದರೆ ನೀವು ನಿರಪರಾಧಿ, ತಡ ಯಂತ್ರದ್ದು. ಪಲ್ಲವಿ ಸರಿಯಿದ್ದು ಚರಣದಲ್ಲಿ ಜಾರಿದ್ದರೆ, ಒಂದು ಸಾಲು ಮುಂದೆ ಒಂದು ಸಾಲು ಹಿಂದೆ ಆಗಿದ್ದರೆ, ಅದು ನಿಮ್ಮದು. ಬಿಜಿಎಂ (ನಡುವಿನ ವಾದ್ಯಭಾಗ) ಮುಗಿದು ಚರಣ ಎತ್ತುವ ಜಾಗದಲ್ಲಿ ಇದು ಹೆಚ್ಚು. ಹಳೆಯ ಹಾಡುಗಳಲ್ಲಿ ಚರಣ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಎತ್ತದೆ ಅರ್ಧ ಅಕ್ಷರ ಬಿಟ್ಟು ಎತ್ತುವುದು ಬಹಳ. ಎತ್ತುಗಡೆ ಎಲ್ಲಿ ಅಂತ ಮೊದಲೇ ಕೈಯಲ್ಲಿ ತಾಳ ಹಾಕಿ ಗುರುತು ಮಾಡಿಕೊಳ್ಳದಿದ್ದರೆ ಟ್ರ್ಯಾಕ್ ಯಾರನ್ನೂ ಕಾಯುವುದಿಲ್ಲ.

ಪರಿಹಾರ ವೈರ್ ಇರುವ ಇಯರ್‌ಫೋನ್. ಫೋನಿನಲ್ಲಿ ಹಳೆಯ ದುಂಡು ತೂತಿನ ಜಾಕ್ ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ಹಾಕಿಕೊಳ್ಳಿ. ವೈರ್ ಹಾಕಿದರೂ ಫೋನಿನೊಳಗಿನ ತಡ ಸ್ವಲ್ಪ ಉಳಿಯುತ್ತದೆ, ಅದನ್ನು ಒಮ್ಮೆ ಅಳೆದಿಟ್ಟುಕೊಳ್ಳಬಹುದು. ಆ್ಯಪ್‌ನಲ್ಲಿ ಮೆಟ್ರೊನೋಮ್‌ನ ಟಿಕ್ ಟಿಕ್ ಇರುವ ಒಂದು ಟ್ರ್ಯಾಕ್ ಹಾಕಿ, ಇಯರ್‌ಫೋನಿನ ಒಂದು ಬಡ್ ಅನ್ನು ಫೋನಿನ ಮೈಕ್ ತೂತಿಗೆ ಒತ್ತಿ ಹಿಡಿದು ರೆಕಾರ್ಡ್ ಮಾಡಿ. ಮೂಲ ಟಿಕ್‌ಗೂ ರೆಕಾರ್ಡ್ ಆದ ಟಿಕ್‌ಗೂ ಎಷ್ಟು ಅಂತರ ಕಾಣುತ್ತದೋ ಅಷ್ಟೇ ನಿಮ್ಮ ತಡ. ಆ್ಯಪ್‌ನಲ್ಲಿ ಲೇಟೆನ್ಸಿ (ಇದೇ ತಡ) ಸರಿಪಡಿಸುವ ಆಯ್ಕೆ ಇದ್ದರೆ ಅಲ್ಲಿ ಆ ಅಂಕಿ ಕೊಡಿ, ಇಲ್ಲದಿದ್ದರೆ ಪ್ರತಿ ಸಲ ದನಿಯನ್ನು ಅಷ್ಟು ಎಡಕ್ಕೆ ಸರಿಸಿ. ಕಂಪ್ಯೂಟರ್‌ನಲ್ಲಿ ಅಡಾಸಿಟಿ ಅನ್ನುವ ಎಡಿಟರ್ ಬಳಸುವವರಿಗೆ ಲೇಟೆನ್ಸಿ ಕಾಂಪನ್ಸೇಷನ್ ಅನ್ನುವ ಅಂಕಿ ಮೊದಲೇ ಮೈನಸ್ 130 ಮಿಲಿಸೆಕೆಂಡ್ ಅಂತ ಇರುತ್ತದೆ. ಅದು ಅಂದಾಜಿಗೆ ಹಾಕಿದ್ದು, ನಿಮ್ಮ ಕಂಪ್ಯೂಟರ್‌ಗೆ ಅಳೆದದ್ದಲ್ಲ.

ಬ್ಲೂಟೂತ್‌ನ ಇನ್ನೊಂದು ಕಿತಾಪತಿ ಹೇಳಿ ಮುಂದೆ ಹೋಗುತ್ತೇನೆ. ಇಯರ್‌ಬಡ್‌ನ ಮೈಕನ್ನೇ ರೆಕಾರ್ಡಿಂಗ್‌ಗೆ ಬಳಸಿದ ತಕ್ಷಣ ಫೋನ್ ಕರೆ ಮಾಡುವ ಮೋಡ್‌ಗೆ ಇಳಿಯುವುದೇ ಹೆಚ್ಚು. ಆಗ ಟ್ರ್ಯಾಕೂ ದನಿಯೂ ಟೆಲಿಫೋನ್ ದನಿಯಾಗುತ್ತವೆ. ಆ ಮೋಡ್‌ನಲ್ಲಿ ಹಿನ್ನೆಲೆ ಸದ್ದು ಅಳಿಸುವ ವ್ಯವಸ್ಥೆಯೂ ಕೆಲಸ ಮಾಡುತ್ತಿರುತ್ತದೆ. ತಂಬೂರಿ, ಹಾರ್ಮೋನಿಯಂನಂಥ ಒಂದೇ ಸಮನೆ ಮೊಳಗುವ ನಾದವನ್ನು ಅದು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಹಾಕುತ್ತದೆ.

ಈಗ ರುದ್ರಪಟ್ಟಣದ ಮಾತು. ಅರಕಲಗೂಡು ತಾಲ್ಲೂಕಿನ ಆ ಸಂಗೀತಗಾರರ ಊರಿನ ಹೆಸರೆತ್ತಿದ್ದಾರೆ ಅಂದರೆ ಕೊಳಲಿನವರ ದೂರು ಶ್ರುತಿಯದ್ದು, ಅದೂ ಚರಣದ್ದು. ಪಲ್ಲವಿಯ ಬಗ್ಗೆ ಅವರು ಚಕಾರ ಎತ್ತಿಲ್ಲ ಅನ್ನುವುದನ್ನು ಗಮನಿಸಿ. ಚರಣದಲ್ಲಿ ಮಾತ್ರ ಶ್ರುತಿ ಇಳಿಯುತ್ತಿದ್ದರೆ ಕಾರಣ ಬಹುತೇಕ ಒಂದೇ: ಮೂಲ ಗಾಯಕರ ಶ್ರುತಿಯಲ್ಲೇ ಹಾಡಲು ಹೋಗಿದ್ದೀರಿ, ತಾರಸ್ಥಾಯಿ (ಮೇಲಿನ ಸ್ವರಗಳು) ನಿಮಗೆ ಎಟುಕುತ್ತಿಲ್ಲ. ಕರೋಕೆ ಹಾಡುವವರಲ್ಲಿ ಇದು ಒಂದು ವಿಚಿತ್ರ ಮರ್ಯಾದೆಯ ಪ್ರಶ್ನೆ. ಶ್ರುತಿ ಇಳಿಸಿದರೆ ಸೋತ ಹಾಗೆ ಅಂದುಕೊಳ್ಳುತ್ತಾರೆ. ವೇದಿಕೆಯ ಗಾಯಕರು ಯಾರೂ ಹಾಗೆ ಅಂದುಕೊಳ್ಳುವುದಿಲ್ಲ. ಕೀಬೋರ್ಡ್‌ನವರಿಗೆ ಮೊದಲೇ ಹೇಳಿ ಟ್ರಾನ್ಸ್‌ಪೋಸ್ ಮಾಡಿಸಿಕೊಳ್ಳುತ್ತಾರೆ, ಅಂದರೆ ಶ್ರುತಿ ಬದಲಿಸಿಕೊಳ್ಳುತ್ತಾರೆ.

ಲೆಕ್ಕ ಹೀಗೆ. ಹಾಡಿನ ಷಡ್ಜ (ಸ) ಬಿಳಿ ಒಂದು, ಅಂದರೆ ಸಿ, ಅಂತ ಇಟ್ಟುಕೊಳ್ಳಿ. ಚರಣ ತಾರಸ್ಥಾಯಿಯ ಅಂತರ ಗಾಂಧಾರದಲ್ಲಿ ನಿಂತು ಎಳೆಯುತ್ತದೆ, ಅಂದರೆ ಇ. ಕೀಬೋರ್ಡಿನ ಮುಂದೆ ಕೂತು ನೀವು ಕುತ್ತಿಗೆಯ ನರ ಉಬ್ಬಿಸದೆ ನಾಲ್ಕು ಸೆಕೆಂಡ್ ಹಿಡಿದು ನಿಲ್ಲಿಸಬಲ್ಲ ಅತಿ ಮೇಲಿನ ಸ್ವರ ಯಾವುದು ನೋಡಿ. ಮುಟ್ಟಿ ಬರುವುದು ಲೆಕ್ಕಕ್ಕಿಲ್ಲ, ನಿಲ್ಲಬೇಕು. ಅದು ಡಿ ಆದರೆ ಹಾಡು ಎರಡು ಅರ್ಧಸ್ವರ (ಕೀಬೋರ್ಡಿನ ಒಂದೊಂದು ಮನೆಗೆ ಒಂದು) ಇಳಿಯಬೇಕು: ಬಿಳಿ ಒಂದರಿಂದ ಕರಿ ಐದಕ್ಕೆ, ಎ ಶಾರ್ಪ್‌ಗೆ. ಇಳಿಸಿದ ಮೇಲೆ ಹಾಡಿನ ಅತಿ ಕೆಳಗಿನ ಸ್ವರವನ್ನೂ ಹಾಡಿ ನೋಡಿ. ಮಂದ್ರದ ಪಂಚಮದಲ್ಲಿ ದನಿ ಬರೀ ಗಾಳಿಯಾದರೆ ಒಂದೇ ಅರ್ಧಸ್ವರ ಇಳಿಸಿ, ಚರಣಕ್ಕೆ ಅಭ್ಯಾಸ ಹೆಚ್ಚಿಸುವುದೇ ದಾರಿ. ಗಂಡಸಿನ ಹಾಡನ್ನು ಹೆಂಗಸರು ಎತ್ತಿಕೊಂಡಾಗ ನಾಲ್ಕೈದು ಅರ್ಧಸ್ವರ ಏರಿಸಬೇಕಾಗುವುದು ಸಾಮಾನ್ಯ. ಅಷ್ಟಾದರೆ ರೆಡಿಮೇಡ್ ಟ್ರ್ಯಾಕ್ ತಡೆಯುವುದಿಲ್ಲ.

ಯಾಕೆ ತಡೆಯುವುದಿಲ್ಲ ಅಂದರೆ, ಎರಡು ಅರ್ಧಸ್ವರದವರೆಗೆ ಪಿಚ್ ಬದಲಿಸಿದರೆ ಟ್ರ್ಯಾಕ್ ಹೆಚ್ಚು ಕೆಡುವುದಿಲ್ಲ, ಮೂರಕ್ಕೆ ತಬಲಾದ ಡಗ್ಗಾ ಸಡಿಲವಾದಂತೆ ಕೇಳುತ್ತದೆ, ಐದಕ್ಕೆ ಪಿಟೀಲುಗಳು ಸೊಳ್ಳೆಗಳಾಗುತ್ತವೆ. ಬದಲಿಸುವಾಗ ಅಡಾಸಿಟಿಯಲ್ಲಿ ಚೇಂಜ್ ಪಿಚ್ ಬಳಸಿ, ಅದರ ಅಕ್ಕಪಕ್ಕ ಇರುವ ಚೇಂಜ್ ಸ್ಪೀಡ್ ಅಲ್ಲ. ಸ್ಪೀಡ್‌ನಲ್ಲಿ ಎರಡು ಅರ್ಧಸ್ವರ ಇಳಿಸಿದರೆ ಹಾಡಿನ ಗತಿಯೂ ಶೇಕಡಾ 11ರಷ್ಟು ನಿಧಾನವಾಗುತ್ತದೆ. ಇದರ ತಮ್ಮನಂಥ ಇನ್ನೊಂದು ತಪ್ಪು ಇದೆ. ಟ್ರ್ಯಾಕಿನ ಸ್ಯಾಂಪಲ್ ರೇಟ್ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿದೆ ಅನ್ನುವ ಲೆಕ್ಕ) 44.1 ಕಿಲೋಹರ್ಟ್ಸ್, ಪ್ರಾಜೆಕ್ಟಿನದ್ದು 48 ಕಿಲೋಹರ್ಟ್ಸ್ ಇದ್ದು, ಸಾಫ್ಟ್‌ವೇರ್ ಪರಿವರ್ತನೆ ಮಾಡದೆ ಹಾಗೇ ನುಡಿಸಿದರೆ ಹಾಡು ಶೇಕಡಾ 9ರ ಹತ್ತಿರ ವೇಗವಾಗಿ, ಒಂದೂವರೆ ಅರ್ಧಸ್ವರ ಮೇಲೆ ಹೋಗುತ್ತದೆ. "ಟ್ರ್ಯಾಕ್ ಯಾಕೋ ಎರಡು ಮನೆ ಮಧ್ಯೆ ಸಿಕ್ಕಿಹಾಕಿಕೊಂಡಿದೆ" ಅಂತ ಕೀಬೋರ್ಡ್‌ನವರು ಅಂದರೆ ಮೊದಲು ಇದನ್ನೇ ನೋಡಿ. ಹಳೆಯ ಹಾಡುಗಳು ಟೇಪಿನ ವೇಗದ ವ್ಯತ್ಯಾಸದಿಂದ ನಿಜವಾಗಿಯೂ ಮಧ್ಯೆ ಸಿಕ್ಕಿಕೊಂಡಿರುವುದೂ ಉಂಟು. ಹಾಗಿದ್ದರೆ ಕೀಬೋರ್ಡಿನ ಫೈನ್ ಟ್ಯೂನ್ ಅನ್ನು ಮಾಮೂಲಿ 440 ಹರ್ಟ್ಸ್‌ನಿಂದ ಸರಿಸಿ ಟ್ರ್ಯಾಕ್‌ಗೆ ಹೊಂದಿಸಿಕೊಳ್ಳಬೇಕು.

ಶ್ರುತಿ ಇಳಿಯುವುದಕ್ಕೆ ಎರಡನೇ ಕಾರಣ ಇಯರ್‌ಫೋನಿನ ಜೋರು. ಟ್ರ್ಯಾಕ್ ಕಿವಿ ತುಂಬಿಕೊಂಡರೆ ನಿಮ್ಮ ದನಿ ನಿಮಗೇ ಕೇಳುವುದಿಲ್ಲ, ಕೂಗಲು ಶುರು ಮಾಡುತ್ತೀರಿ, ಉಸಿರು ಬೇಗ ಮುಗಿಯುತ್ತದೆ, ಸಾಲಿನ ಕೊನೆಯ ಸ್ವರ ಕುಸಿಯುತ್ತದೆ. ವಾಲ್ಯೂಮ್ ಅರ್ಧಕ್ಕಿಂತ ಕೆಳಗಿಡಿ, ಒಂದು ಕಿವಿಯ ಬಡ್ ತೆಗೆದುಬಿಡಿ. ತೆಗೆದ ಬಡ್ ಅನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳಿ, ಇಲ್ಲದಿದ್ದರೆ ಅದರಿಂದ ಸೋರಿದ ಟ್ರ್ಯಾಕ್ ಮೈಕಿಗೆ ಬೀಳುತ್ತದೆ. ಇಡೀ ಹಾಡನ್ನು ಒಂದೇ ಉಸಿರಿಗೆ ಮುಗಿಸುವ ಹಟವೂ ಬೇಡ. ಪಲ್ಲವಿ, ಚರಣಗಳನ್ನು ಬೇರೆ ಬೇರೆ ಹಾಡಿ. ತಿದ್ದಬೇಕಾದ ಸಾಲಿಗೆ ಹಿಂದಿನ ಸಾಲಿನಿಂದಲೇ ಹಾಡುತ್ತಾ ಬನ್ನಿ. ನಡುವಿನಿಂದ ಧುಮುಕಿದರೆ ಉಸಿರೂ ಭಾವವೂ ಬೇರೆಯಾಗಿ ತೇಪೆ ಎದ್ದು ಕಾಣುತ್ತದೆ.

ರೋಬೋಗೆ ಶೀತ ಬಂದದ್ದಕ್ಕೂ ಇದಕ್ಕೂ ನಂಟಿದೆ. ಶ್ರುತಿ ಜಾರಿದ್ದನ್ನು ಪಿಚ್ ಕರೆಕ್ಷನ್ ಎಳೆದು ಕೂರಿಸಲು ನೋಡಿದೆ, ಎಳೆದದ್ದು ಕೇಳಿಸಿದೆ. ಆಟೋಟ್ಯೂನ್ ಸಾಫ್ಟ್‌ವೇರ್ 1997ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಇಂಥ ಉಪಕರಣಗಳ ತರ್ಕ ಒಂದೇ: ಹಾಡಿದ ಸ್ವರ, ನೀವು ಆರಿಸಿದ ಸ್ಕೇಲಿನ ಪಟ್ಟಿಯಲ್ಲಿರುವ ಯಾವ ಸ್ವರಕ್ಕೆ ಹತ್ತಿರವೋ ಅದಕ್ಕೆ ತಳ್ಳುವುದು. ಪಟ್ಟಿ ತಪ್ಪಾದರೆ ಸರಿಯಾಗಿ ಹಾಡಿದ್ದನ್ನೂ ತಪ್ಪು ಮಾಡುತ್ತದೆ. ನಮ್ಮ ಹಾಡುಗಳಿಗೆ ಇಲ್ಲೇ ಪೆಟ್ಟು ಬೀಳುವುದು. ಉದಾಹರಣೆಗೆ ಕೀರವಾಣಿ ರಾಗದ ಛಾಯೆಯ ಹಾಡು. ಆ್ಯಪ್‌ನಲ್ಲಿ ಸಿ ಮೈನರ್ ಅಂತ ಆರಿಸುತ್ತೀರಿ. ಆ್ಯಪ್‌ನ ಸಾದಾ ಮೈನರ್ ಅಂದರೆ ನಮ್ಮ ನಟಭೈರವಿ, ಅದರಲ್ಲಿ ಇರುವುದು ಕೈಶಿಕಿ (ಕೆಳಗಿನ) ನಿಷಾದ. ನೀವು ಹಾಡುವ ಕಾಕಲಿ (ಮೇಲಿನ) ನಿಷಾದ ಕೈಶಿಕಿಗೂ ಮೇಲಿನ ಷಡ್ಜಕ್ಕೂ ಸರಿಯಾಗಿ ಮಧ್ಯೆ ಇರುವುದರಿಂದ ಅದು ಒಂದು ಸಲ ಕೆಳಕ್ಕೆ, ಒಂದು ಸಲ ಮೇಲಕ್ಕೆ ಹಾರುತ್ತದೆ. ಕೀರವಾಣಿಗೆ ಹಾರ್ಮೋನಿಕ್ ಮೈನರ್ ಆರಿಸಬೇಕು, ಖರಹರಪ್ರಿಯಕ್ಕೆ ಡೋರಿಯನ್, ಶಂಕರಾಭರಣಕ್ಕೆ ಮೇಜರ್. ಮೋಹನದ ಹಾಡಾದರೆ ಮೇಜರ್‌ನಿಂದ ಮಧ್ಯಮ, ನಿಷಾದ ಎರಡನ್ನೂ ಕೈಯಾರೆ ತೆಗೆದುಹಾಕುವುದು ಒಳ್ಳೆಯದು. ಅನ್ಯಸ್ವರ (ರಾಗದಲ್ಲಿಲ್ಲದ ಸ್ವರ) ಬಂದುಹೋಗುವ ಚಿತ್ರಗೀತೆಗಳಲ್ಲಿ ಆ ಒಂದು ಸಾಲಿಗೆ ಕರೆಕ್ಷನ್ ಆಫ್ ಮಾಡಬೇಕು.

ಎರಡನೆಯದು ತಿದ್ದುವ ವೇಗ, ರೀಟ್ಯೂನ್ ಸ್ಪೀಡ್. ಸೊನ್ನೆಗೆ ಹತ್ತಿರ ಇಟ್ಟರೆ ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿದಂತೆ ನೆಗೆಯುತ್ತದೆ. ಜಾರು, ಆಂದೋಲನ, ಸಣ್ಣ ಕಂಪಿತ, ಹೀಗೆ ಸ್ವರ ತೂಗಾಡಿಸುವ ಗಮಕಗಳೆಲ್ಲ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ. 50–80 ಮಿಲಿಸೆಕೆಂಡ್ ಇಟ್ಟರೆ ಉದ್ದವಾಗಿ ನಿಲ್ಲುವ ಸ್ವರ ಮಾತ್ರ ತಿದ್ದಿ, ಗಮಕ ಬಹುಪಾಲು ಬದುಕಿಕೊಳ್ಳುತ್ತದೆ. ನಿಮ್ಮ ಆ್ಯಪ್‌ನಲ್ಲಿ ವೇಗದ ಬದಲು ಶೇಕಡಾ ಲೆಕ್ಕ ಇದ್ದರೆ 30ರ ಮೇಲೆ ಹೋಗಬೇಡಿ. ಇನ್ನೂ ವಾಸಿ ದಾರಿ ಅಂದರೆ ಅದನ್ನು ಆಫ್ ಮಾಡಿ, ಶ್ರುತಿ ಇಳಿಸಿ, ಆ ಎರಡು ಸಾಲು ಮತ್ತೆ ಹಾಡುವುದು.

ಬಾವಿಯ ವಿಷಯಕ್ಕೆ ಬರೋಣ. ನಮ್ಮ ಕಡೆಯ ಮನೆಗಳ ಗಾರೆ ನೆಲ, ಸುಣ್ಣ ಹೊಡೆದ ಬರೀ ಗೋಡೆ, ಮೇಲೆ ಆರ್‌ಸಿಸಿ: ಈ ಮೂರೂ ಸೇರಿದರೆ ದನಿ ಗೋಡೆಯಿಂದ ಗೋಡೆಗೆ ಬಡಿದು ವಾಪಸು ಬರುತ್ತದೆ. ಕೋಣೆ ಮಧ್ಯೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಟಿರ್ರ್ ಅಂತ ಬಾಲ ಕೇಳಿದರೆ ಅದೇ ನಿಮ್ಮ ಬಾವಿ. ಅದರ ಮೇಲೆ ಆ್ಯಪ್‌ನ "ಹಾಲ್" ಎಫೆಕ್ಟ್ ಬೇರೆ ಹಾಕಿದರೆ ಬಾವಿಯೊಳಗೆ ಇನ್ನೊಂದು ಬಾವಿ. ರೆಕಾರ್ಡ್ ಆಗಿಹೋದ ಕೋಣೆಯ ಪ್ರತಿಧ್ವನಿಯನ್ನು ಆಮೇಲೆ ಪೂರ್ತಿ ತೆಗೆಯುವ ಸಾಫ್ಟ್‌ವೇರ್ ನಂಬಿ ಕೂರಬೇಡಿ, ತೆಗೆದಷ್ಟೂ ದನಿ ಸವೆಯುತ್ತದೆ.

ಹೊದಿಕೆ ಎಲ್ಲಿ ಹಾಕಬೇಕು ಅನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಮೈಕಿನ ಹಿಂದಿನ ಗೋಡೆಗೆ ಕಂಬಳಿ ಕಟ್ಟಿ, ತಾವು ಬರೀ ಗೋಡೆಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಒಂದೇ ಕಡೆ ಕೇಳುವ ಕಾರ್ಡಿಯಾಯ್ಡ್ ಮೈಕ್ ನಿಮ್ಮ ಕಡೆಗೆ ಮುಖಮಾಡಿರುತ್ತದೆ, ಹಾಗಾಗಿ ಅದಕ್ಕೆ ನೇರ ಬೀಳುವುದು ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ಬಂದ ಸದ್ದು. ಕಂಬಳಿ, ರಗ್ಗು ಮೊದಲು ನಿಮ್ಮ ಬೆನ್ನಿಗೆ, ಗೋಡೆಯಿಂದ ಒಂದು ಗೇಣು ಬಿಟ್ಟು, ಎರಡು ಮಡಿಕೆ. ಫೋನಿನ ಮೈಕ್ ಬಹುಮಟ್ಟಿಗೆ ಸುತ್ತಲೂ ಕೇಳುವುದರಿಂದ ಅದಕ್ಕೆ ಎರಡೂ ಕಡೆ ಬೇಕು, ಕೆಳಗೆ ದಪ್ಪ ಜಮಖಾನವೂ ಬೇಕು. ಬಟ್ಟೆ ತುಂಬಿದ ಬೀರು ಬಾಗಿಲು ತೆರೆದು ಅದರ ಮುಂದೆ ಹಾಡುವುದೂ ಒಳ್ಳೆಯ ಉಪಾಯ. ಕಾಫಿ ಮೂಟೆ ಒಟ್ಟಿದ ಗೋದಾಮು ಇದ್ದವರಂತೂ ಅದೃಷ್ಟವಂತರು. ಗೋಣಿಚೀಲದ ಸಾಲಿನ ನಡುವೆ ದನಿ ಎಷ್ಟು ಒಣಗಿ ಬರುತ್ತದೆ ಅಂತ ಒಮ್ಮೆ ಪರೀಕ್ಷಿಸಿ, ಧೂಳಿಗೆ ಕೆಮ್ಮು ಬರದಿದ್ದರೆ. ಮೊಟ್ಟೆ ಟ್ರೇ, ಥರ್ಮಾಕೋಲ್ ಅಂಟಿಸುವುದು ದಂಡ, ಅವು ದನಿ ಹೀರುವುದಿಲ್ಲ. ಒಣ ದನಿ ಸಿಕ್ಕ ಮೇಲೆ ಪ್ಲೇಟ್ ಅನ್ನುವ ಮಾದರಿಯ ರಿವರ್ಬ್ (ಕೃತಕ ಪ್ರತಿಧ್ವನಿ) ಒಂದೂವರೆ ಸೆಕೆಂಡಿನದ್ದು, 30 ಮಿಲಿಸೆಕೆಂಡ್ ಪ್ರೀ-ಡಿಲೇ (ಅದು ಶುರುವಾಗುವ ಮುಂಚಿನ ಬಿಡುವು) ಕೊಟ್ಟು ಹಾಕಿ. ರಿವರ್ಬ್ ಇದೆ ಅಂತ ಗೊತ್ತಾಗುವವರೆಗೆ ಏರಿಸಿ, ಅಲ್ಲಿಂದ ಎರಡು ಡಿಬಿ (ಡೆಸಿಬೆಲ್, ಸದ್ದಿನ ಜೋರಿನ ಅಳತೆ) ಇಳಿಸಿ.

ಮಳೆಗೆ ಮದ್ದಿಲ್ಲ. ಜಿಂಕ್ ಶೀಟಿನ ಮೇಲೆ ಬೀಳುವ ಮಳೆಯ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿಕೊಂಡಿದೆ, ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ನಾಯ್ಸ್ ರಿಡಕ್ಷನ್‌ಗೆ ಒಂದೇ ಸಮನಾದ ಸದ್ದು ಬೇಕು. ಜೀರುಂಡೆಯ ಸದ್ದು ಇನ್ನೂ ಕಷ್ಟ, ಅದು ಸಕಾರ ಶಕಾರಗಳು ಇರುವ ಜಾಗದಲ್ಲೇ ಕೂತಿರುತ್ತದೆ. ಅದನ್ನು ಕತ್ತರಿಸಿದರೆ ಸಾಹಿತ್ಯ ತೊದಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಟ್ಟ ಹೊತ್ತು ನೋಡಿಕೊಂಡು, ಹೆಂಚಿನ ಮನೆಯಾದರೆ ಅಟ್ಟದ ಕೆಳಗಿನ ಕೋಣೆಯಲ್ಲಿ ಹಾಡಿ. ಗುಂಯ್ ಅನ್ನುವ ಸದ್ದಿದ್ದರೆ ಅದು ಕರೆಂಟಿನ 50 ಹರ್ಟ್ಸ್. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಬಹುತೇಕ ಅಷ್ಟಕ್ಕೇ ನಿಲ್ಲುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ರೆಕಾರ್ಡಿಂಗ್ ಬೇಡವೇ ಬೇಡ.

ನಿಮ್ಮ ಗೆಳೆಯರು ಹೇಳದೆ ಬಿಟ್ಟದ್ದು ಲೆವೆಲ್, ಅಂದರೆ ರೆಕಾರ್ಡಿಂಗಿನ ಜೋರು. ಬಾಯಿಂದ ಮೈಕಿಗೆ ಒಂದು ಗೇಣು ದೂರ ಇರಲಿ, ಮೂತಿಗೆ ನೇರ ಬೇಡ, ಸ್ವಲ್ಪ ಓರೆ. ನೇರ ಇದ್ದರೆ ಪ, ಬ, ಭ, ಫ ಬಂದಾಗಲೆಲ್ಲ ಗಾಳಿ ಗುದ್ದುತ್ತದೆ. ಕನ್ನಡದ ಮಹಾಪ್ರಾಣಗಳು ಈ ವಿಷಯದಲ್ಲಿ ಬಹಳ ತುಂಟ. ಅತಿ ಜೋರಿನ ಸಾಲು ಹಾಡಿ ಮೀಟರ್ ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ನಿಲ್ಲುವಂತೆ ಗೇನ್ ಇಡಿ. ಕೆಂಪಿಗೆ ಹೋಗಿ ಒಡೆದ ದನಿ ಮತ್ತೆ ಸೇರುವುದಿಲ್ಲ. ಕರೋಕೆ ಟ್ರ್ಯಾಕ್‌ಗಳು ಆಗಲೇ ಅತಿ ಜೋರಿಗೆ ತಯಾರಾಗಿರುವುದರಿಂದ ದನಿ ಸೇರಿಸುವ ಮೊದಲು ಟ್ರ್ಯಾಕನ್ನು 6ರಿಂದ 8 ಡಿಬಿ ಇಳಿಸಿ. ಹೆಚ್ಚಿನವರು ಇದರ ಬದಲು ದನಿಯನ್ನು ಏರಿಸುತ್ತಾ ಹೋಗಿ, ಕೊನೆಗೆ ಎರಡೂ ಒಡೆಯುತ್ತವೆ. ದನಿಗೆ 80–100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, 250–400ರಲ್ಲಿ ಗವ್ವೆನ್ನುತ್ತಿದ್ದರೆ ಎರಡು ಮೂರು ಡಿಬಿ ತಗ್ಗಿಸಿ, ಜೋರು ತಗ್ಗಿಸಿ ದನಿ ಸಮಮಾಡುವ ಕಂಪ್ರೆಸರ್ 3:1ರಲ್ಲಿ ಜೋರಿನ ಕಡೆ ಐದಾರು ಡಿಬಿ ಇಳಿಯುವಷ್ಟು. ಇದಕ್ಕಿಂತ ಹೆಚ್ಚು ಮಾಡಿದರೆ ಕೆಡುವ ಸಾಧ್ಯತೆಯೇ ಜಾಸ್ತಿ. ಮುಗಿದ ಹಾಡನ್ನು ವಾಟ್ಸ್ಯಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ವಾಯ್ಸ್ ನೋಟ್ ಆಗಿ ಕಳಿಸಿದರೆ ಮಾತಿಗೆ ಸಾಕಾಗುವಷ್ಟು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಅದು ಬಿಸಾಡುತ್ತದೆ, ಅಷ್ಟು ಕೆಲಸ ಮಾಡಿದ್ದು ನೀರಿನಲ್ಲಿ ಹೋಮ.

ಎಂಟು ಸಾವಿರದ ಪ್ರಶ್ನೆ. ಕಂಡೆನ್ಸರ್ ಮೈಕ್ ಸೂಕ್ಷ್ಮ, ನಿಮ್ಮ ಈಗಿನ ಕೋಣೆಯಲ್ಲಿ ಅದು ಬಾವಿಯನ್ನೂ ಮಳೆಯನ್ನೂ ಇನ್ನಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಸ್ಟುಡಿಯೋ ಮಾದರಿಯ ಕಂಡೆನ್ಸರ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ಲಿನಲ್ಲೇ ಹೋಗುವ ವಿದ್ಯುತ್) ಬೇಕು. ಅಗ್ಗದ ವೈರ್‌ನಲ್ಲಿ ನೇರ ಫೋನಿಗೆ ಚುಚ್ಚಿ, ತೆಳ್ಳಗೆ ಸೊಯ್ ಅನ್ನುವ ದನಿ ಪಡೆದು, ಮೈಕ್ ಕೆಟ್ಟಿದೆ ಅನ್ನುವವರು ಬೇಕಾದಷ್ಟು ಜನ. ಮೊದಲು ವೈರ್ ಇರುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಒಂದು ಸ್ಟ್ಯಾಂಡ್, ಎರಡು ದಪ್ಪ ರಗ್ಗು. ಉಳಿದ ದುಡ್ಡಿಗೆ ಎರಡು ಹಾಡಿನ ನಂತರವೂ ಆಸೆ ಇದ್ದರೆ, ಗೆಳೆಯರ ವೇದಿಕೆಯ ಡೈನಾಮಿಕ್ ಮೈಕ್ ಎರವಲು ತಂದು ಒಂದು ಸಣ್ಣ ಆಡಿಯೋ ಇಂಟರ್‌ಫೇಸ್ (ಮೈಕನ್ನು ಫೋನಿಗೋ ಕಂಪ್ಯೂಟರ್‌ಗೋ ಜೋಡಿಸುವ ಪೆಟ್ಟಿಗೆ) ಮಾತ್ರ ಕೊಳ್ಳಿ. ಡೈನಾಮಿಕ್ ಮೈಕ್ ಹತ್ತಿರದ್ದು ಕೇಳಿ ದೂರದ್ದನ್ನು ಬಹಳಷ್ಟು ಬಿಡುತ್ತದೆ, ಮಲೆನಾಡಿನ ಮಳೆಗಾಲಕ್ಕೆ ಅದೇ ಸರಿ.

ಗುಂಪಿನಲ್ಲಿ ಏನು ಉತ್ತರ ಕೊಡಬೇಕು ಅನ್ನುವುದು ನೀವು ಕೇಳದ ಪ್ರಶ್ನೆ, ಆದರೂ ಹೇಳುತ್ತೇನೆ. "ಗಂಟಲು ಸರಿ ಇರಲಿಲ್ಲ" ಮಾತ್ರ ಬೇಡ. ಅದು ಹೊಸ ಹತ್ತು ಜೋಕಿಗೆ ದಾರಿ. "ಎಷ್ಟನೇ ಸೆಕೆಂಡ್?" ಅಂತ ತಿರುಗಿ ಕೇಳಿ. ಸಂಗೀತಗಾರರಾದರೆ ತಟ್ಟನೆ 1:42 ಅನ್ನುತ್ತಾರೆ, ಅಲ್ಲಿಗೆ ಹೋಗಿ ನೋಡಿದರೆ ದೋಷ ಸಿಗುತ್ತದೆ. ಹೇಳಲಾಗದವರು ಬರೀ ನಗಲು ಬಂದವರು, ಅವರ ಜೊತೆ ನಕ್ಕುಬಿಡಿ. ಟ್ರ್ಯಾಕ್ ಇಲ್ಲದ ಬರೀ ದನಿಯ ಫೈಲನ್ನು ಕೊಳಲಿನವರಿಗೆ ಖಾಸಗಿಯಾಗಿ ಕಳಿಸಿ, ಶ್ರುತಿಯ ನಿಜ ಅದರಲ್ಲೇ ಗೊತ್ತಾಗುವುದು. ನೀವೂ ನಾಳೆ ಇನ್ನೊಬ್ಬರ ಕಾಲೆಳೆಯುವಿರಿ. ಆಗ ತಾಳ ತಪ್ಪಿದ್ದು, ಮಿಕ್ಸಿಂಗ್, ಎತ್ತುಗಡೆ ಇವನ್ನು ಎಳೆಯಿರಿ. ಹುಟ್ಟಾ ಬಂದ ದನಿಯನ್ನು, ಮೂಲ ಗಾಯಕರ ಜೊತೆ ಹೋಲಿಕೆಯನ್ನು ಬಿಡಿ. ಮೊದಲ ಹಾಡು ಹಾಕಿದ ಹುಡುಗರಿಗೆ ತಮಾಷೆಯ ಜೊತೆ ಒಂದು ಸೆಕೆಂಡಿನ ಗುರುತಾದರೂ ಕೊಡಿ. ಐದು ಕೈಮುಗಿದ ಚಿತ್ರ ಹಾಕಿ "ಸೂಪರ್ ಗುರು" ಅನ್ನುವವರಿಗಿಂತ ನಿಮ್ಮ ತಬಲಾದವರು ಎಷ್ಟೋ ಮೇಲು.

ಯೂಟ್ಯೂಬ್‌ಗೆ ಬಂದರೆ, ಒಂದು ಚಿತ್ರಗೀತೆಯಲ್ಲಿ ಸಾಹಿತ್ಯ, ಸಂಗೀತ ಸಂಯೋಜನೆ, ಧ್ವನಿಮುದ್ರಣ ಅಂತ ಮೂರು ಬೇರೆ ಹಕ್ಕುಗಳಿವೆ. ಮೂಲ ಹಾಡಿನಿಂದ ದನಿ ಅಳಿಸಿ ಮಾಡಿದ ಕರೋಕೆ ಬಳಸಿದರೆ ಮೂರನ್ನೂ ಮುಟ್ಟಿದಂತೆ. ಯೂಟ್ಯೂಬ್‌ನಲ್ಲಿ ಹಾಡು ಗುರುತಿಸುವ ಕಂಟೆಂಟ್ ಐಡಿ ವ್ಯವಸ್ಥೆ ಅದನ್ನು ಸಾಮಾನ್ಯವಾಗಿ ಹಾಕಿದ ಕೂಡಲೇ ಹಿಡಿಯುತ್ತದೆ. ಬರುವುದು ಕ್ಲೈಮ್ ಆದರೆ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗಬಹುದು, ಇಲ್ಲವೇ ಹಾಡು ಮ್ಯೂಟ್ ಆಗಬಹುದು ಅಥವಾ ತಡೆಹಿಡಿಯಲ್ಪಡಬಹುದು. ಸ್ಟ್ರೈಕ್ (ಹಕ್ಕು ಮುರಿದದ್ದಕ್ಕೆ ಬೀಳುವ ಎಚ್ಚರಿಕೆ) ಬೇರೆ, 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋದೀತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಕಲಂ ಕವರ್ ಹಾಡಿಗೆಂದೇ ಇದೆ: ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಆಗಿರಬೇಕು, ಮುಂಚಿತ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಕ್ಯಾಸೆಟ್ ಕಂಪನಿಗಳಿಗೆ ಹೊಲಿದ ಅಂಗಿ ಅದು, ಹವ್ಯಾಸಿಗೆ ದೊಗಳೆ. "ಹಕ್ಕೆಲ್ಲ ಮೂಲದವರದ್ದು, ಇದು ಬರೀ ಅಭಿಮಾನಕ್ಕೆ" ಅಂತ ಕೆಳಗೆ ಬರೆಯುವುದರಿಂದ ಅನುಮತಿ ಸಿಕ್ಕಂತಾಗುವುದಿಲ್ಲ. ಆದರೂ ಗೀತೆ, ಸಂಗೀತ, ಮೂಲ ಗಾಯಕರ ಹೆಸರು ಹಾಕಲೇಬೇಕು. ಭಾವಗೀತೆಗೆ ಹಕ್ಕಿಲ್ಲ ಅಂತ ಅನೇಕರು ತಿಳಿದಿದ್ದಾರೆ. ಕವಿ ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಇರುತ್ತದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಕವಿತೆಗಳ ಹಕ್ಕು 2054ರ ಕೊನೆಯವರೆಗೂ ಇದೆ. ವಚನ, ದಾಸರ ಪದಗಳ ಸಾಹಿತ್ಯ ಮುಕ್ತ, ಈಚಿನವರು ಹಾಕಿದ ಧಾಟಿ ಮುಕ್ತವಲ್ಲ.

ಇಳಿಸಿಕೊಂಡ ಟ್ರ್ಯಾಕ್ ಬಿಟ್ಟು ನಿಮ್ಮ ಕೀಬೋರ್ಡ್, ತಬಲಾ, ಕೊಳಲಿನವರಿಂದಲೇ ಹಿನ್ನೆಲೆ ನುಡಿಸಿಕೊಂಡರೆ ಮೂರರಲ್ಲಿ ಧ್ವನಿಮುದ್ರಣದ ಹಕ್ಕಿನ ತಲೆನೋವು ತಪ್ಪುತ್ತದೆ, ಕರಿ ಐದಕ್ಕೆ ಬೇಕಾದ ಶ್ರುತಿಯೂ ಕೆಡದೆ ಸಿಗುತ್ತದೆ. ಅವರವರ ಮನೆಯಿಂದ ಕಳಿಸುವುದಾದರೆ ಎಲ್ಲರಿಗೂ ಒಂದೇ ಕ್ಲಿಕ್ ಟ್ರ್ಯಾಕ್ (ತಾಳದ ಟಿಕ್ ಟಿಕ್) ಕೊಡಿ, ಶುರುವಿನಲ್ಲಿ ನಾಲ್ಕು ಎಣಿಕೆ ಇರಲಿ, 48 ಕಿಲೋಹರ್ಟ್ಸ್ ವೇವ್ ಫೈಲ್ ಅಂತ ಮೊದಲೇ ಹೇಳಿ. ಕೊಳಲಿನವರು ಬ್ಲೂಟೂತ್ ಹಾಕಿಕೊಂಡು ನುಡಿಸಿ ಕಳಿಸಿದರೆ ಆಲೂರಿನ ಜೋಕು ಅವರಿಗೇ ವಾಪಸು ಮಾಡಿ.